ಸ್ಟ್ರೆಂತ್ ಟ್ರೈನಿಂಗ್: ಪರ್ಸನಲ್ ಟ್ರೈನರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಜಿಮ್‌ನಲ್ಲಿ ಹೊಸದಾಗಿ ಪರ್ಸನಲ್ ಟ್ರೈನರ್ ಆಗಿ ಸೇರಿದವರಿಗೂ ಆ ಕೆಲಸಕ್ಕೆ ತಯಾರಾಗುತ್ತಿರುವವರಿಗೂ ಈ ಪುಟವನ್ನು ಬರೆಯಲಾಗಿದೆ. ತಾನು ಭಾರ ಎತ್ತುವುದು ಒಂದು ವಿದ್ಯೆ, ಇನ್ನೊಬ್ಬರಿಂದ ಸುರಕ್ಷಿತವಾಗಿ ಎತ್ತಿಸುವುದು ಬೇರೆಯೇ ವಿದ್ಯೆ. ಇಲ್ಲಿನ ಉತ್ತರಗಳೆಲ್ಲ ಎರಡನೆಯದಕ್ಕೆ ಸಂಬಂಧಿಸಿದವು. ಎದುರಿಗಿರುವ ವ್ಯಕ್ತಿಗೆ ಇವತ್ತು ಎಷ್ಟು ಸಾಕು ಎಂದು ತೀರ್ಮಾನಿಸುವುದು, ಮಾಡಿಸಿದ್ದನ್ನು ಬರೆದಿಡುವುದು, ಮುಂದಿನ ಸಲ ಸ್ವಲ್ಪವೇ ಹೆಚ್ಚಿಸುವುದು, ಈ ಮೂರು ಬಂದರೆ ಟ್ರೈನರ್‌ನ ಮುಕ್ಕಾಲು ಕೆಲಸ ಬಂದಂತೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬಲವರ್ಧನೆಯ ಮೂಲ ತತ್ವಗಳು ಯಾವುವು?

ದಿನನಿತ್ಯದ ಕೆಲಸಕ್ಕೆ ಬೇಕಾದವು ನಾಲ್ಕೇ. ರೂಢಿಯಾದುದಕ್ಕಿಂತ ಸ್ವಲ್ಪ ಹೆಚ್ಚಿನ ಹೊರೆ ಬಿದ್ದಾಗ ಮಾತ್ರ ದೇಹ ಬಲಗೊಳ್ಳುತ್ತದೆ, ಆದ್ದರಿಂದ ಹೊರೆಯನ್ನು ಕ್ರಮೇಣ ಏರಿಸುತ್ತಿರಬೇಕು. ಯಾವ ಚಲನೆಯನ್ನು ಯಾವ ಭಾರದಲ್ಲಿ ಅಭ್ಯಾಸ ಮಾಡಿಸುತ್ತೇವೆಯೋ ಆ ಚಲನೆಯಲ್ಲಿಯೇ ಹೆಚ್ಚಿನ ಲಾಭ ಕಾಣುತ್ತದೆ. ಒಂದೇ ಕಾರ್ಯಕ್ರಮ ಇಬ್ಬರಲ್ಲಿ ಒಂದೇ ಫಲ ಕೊಡುವುದಿಲ್ಲ. ಅಭ್ಯಾಸ ಬಿಟ್ಟರೆ ಗಳಿಸಿದ್ದು ನಿಧಾನವಾಗಿ ಇಳಿಯುತ್ತದೆ.

ಮೊದಲನೆಯ ತತ್ವ ವೈದ್ಯಕೀಯ ವಲಯದಲ್ಲಿ ನೆಲೆಗೊಂಡ ಬಗೆಯನ್ನು ಪ್ರತಿಯೊಬ್ಬ ಟ್ರೈನರ್ ತಿಳಿದಿರಬೇಕು. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಷಿಕಾಗೋದ ಸೈನಿಕ ಆಸ್ಪತ್ರೆಯಲ್ಲಿದ್ದ ವೈದ್ಯ ಥಾಮಸ್ ಡಿಲಾರ್ಮ್ ಅವರು, ಹಗುರವಾದ ವ್ಯಾಯಾಮವನ್ನು ಹೆಚ್ಚು ಸಲ ಮಾಡಿಸುವ ಅಂದಿನ ರೂಢಿಯನ್ನು ಬಿಟ್ಟು, ಗಾಯಗೊಂಡ ಸೈನಿಕರಿಂದ ಭಾರವಾದ ತೂಕಗಳನ್ನು ಎತ್ತಿಸಿ, ಅದರ ಫಲವನ್ನು 1945ರಲ್ಲಿ ಪ್ರಕಟಿಸಿದರು. 1948ರಲ್ಲಿ ಆರ್ಥರ್ ವಾಟ್ಕಿನ್ಸ್ ಅವರೊಂದಿಗೆ ಸೇರಿ ಅವರು ವಿಧಾನವನ್ನು ಇನ್ನಷ್ಟು ಸರಳಗೊಳಿಸಿದರು: ಹತ್ತು ಸಲ ಮಾತ್ರ ಎತ್ತಲು ಸಾಧ್ಯವಾಗುವ ತೂಕವನ್ನು ಗೊತ್ತುಮಾಡಿಕೊಂಡು, ಅದರ ಅರ್ಧದಲ್ಲಿ ಒಂದು ಸೆಟ್ (ನಡುವೆ ನಿಲ್ಲಿಸದೆ ಮಾಡುವ ಒಂದು ಸುತ್ತು), ಮುಕ್ಕಾಲಿನಲ್ಲಿ ಇನ್ನೊಂದು, ಪೂರ್ತಿ ತೂಕದಲ್ಲಿ ಮೂರನೆಯದು. ಇಂದು ಎಲ್ಲ ಜಿಮ್‌ಗಳಲ್ಲಿಯೂ ಕೇಳಿಬರುವ ‘ಹತ್ತರ ಮೂರು ಸೆಟ್’ ಎಂಬ ಮಾತಿಗೆ ಈ ಹಿನ್ನೆಲೆಯಿದೆ. ಆದರೆ ಅದರಲ್ಲಿ ಮೊದಲ ಎರಡು ಸೆಟ್‌ಗಳು ಹಗುರವಾಗಿದ್ದವು ಎಂಬ ವಿವರವನ್ನು ಬಹುತೇಕರು ಮರೆತಿದ್ದಾರೆ. ನಮ್ಮ ಗರಡಿ ಮನೆಗಳಲ್ಲಿ ಬಸ್ಕಿ, ದಂಡೆಗಳ ಎಣಿಕೆಯನ್ನು ಏರಿಸುತ್ತಾ ಹೋಗುವ ಸಾಮು ಕೂಡ ಇದೇ ತತ್ವದ ಮೇಲೆ ನಿಂತಿದೆ. ಅಲ್ಲಿ ತೂಕಕ್ಕಿಂತ ಸಂಖ್ಯೆ ಏರುತ್ತದೆ, ಅಷ್ಟೇ ವ್ಯತ್ಯಾಸ.

ಹೊಸ ಕ್ಲೈಂಟ್ ಬಂದ ಮೊದಲ ದಿನ ಏನು ಮಾಡಿಸಬೇಕು?

ಮೊದಲ ದಿನದ ಅರ್ಧ ಸಮಯ ಮಾತಿಗೆ ಹೋಗಬೇಕು. ಎದೆನೋವು, ತಲೆಸುತ್ತು, ಏದುಸಿರು ಬರುತ್ತದೆಯೇ, ಬಿಪಿ ಅಥವಾ ಶುಗರ್ ಇದೆಯೇ, ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ, ಯಾವ ಶಸ್ತ್ರಚಿಕಿತ್ಸೆ ಆಗಿದೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತ ಆಗಿತ್ತೇ ಎಂಬುದನ್ನು ಕೇಳಿ ಬರೆದುಕೊಳ್ಳಿ. ‘ಏನಾದರೂ ತೊಂದರೆ ಇದೆಯಾ’ ಎಂದು ಒಟ್ಟಾಗಿ ಕೇಳಿದರೆ ‘ಏನಿಲ್ಲ’ ಎಂಬ ಉತ್ತರವೇ ಬರುತ್ತದೆ. ಒಂದೊಂದನ್ನೂ ಬಿಡಿಬಿಡಿಯಾಗಿ ಕೇಳಿದಾಗ ಮಾತ್ರ ಎರಡು ವರ್ಷದಿಂದ ನುಂಗುತ್ತಿರುವ ಬಿಪಿ ಮಾತ್ರೆ ನೆನಪಾಗುತ್ತದೆ. ಅನುಮಾನ ಬಂದರೆ ವೈದ್ಯರ ಒಪ್ಪಿಗೆ ಪತ್ರ ತರುವವರೆಗೆ ಕಾಯುವುದರಲ್ಲಿ ನಾಚಿಕೆಯೇನೂ ಇಲ್ಲ. ಕೆಲಸದ ಬಗೆಯನ್ನೂ ಕೇಳಿ: ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬಾಗಿ ಕೂರುವ ಗಾರ್ಮೆಂಟ್ಸ್ ಕೆಲಸಗಾರರಿಗೂ, ರಾತ್ರಿ ಪಾಳಿಯಲ್ಲಿ ನಿಂತೇ ಇರುವ ಸೆಕ್ಯುರಿಟಿ ಗಾರ್ಡ್‌ಗೂ ಒಂದೇ ಬಗೆಯ ಆರಂಭ ಹೊಂದುವುದಿಲ್ಲ.

ನಂತರ ಕೆಲವೇ ಚಲನೆಗಳನ್ನು ಮಾಡಿಸಿ ನೋಡಿ: ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡೆ ತೆಗೆಯುವುದು, ಸೊಂಟದಿಂದ ಬಾಗುವುದು, ಹಗುರವಾದ ಕೇಬಲ್ ಎಳೆಯುವುದು, ಎರಡು ಕೈಯಲ್ಲಿ ಡಂಬೆಲ್ ಹಿಡಿದು ನಡೆಯುವುದು. ಐವತ್ತು ದಾಟಿದ, ಮೊಣಕಾಲು ನೋವಿನ ಹೆಂಗಸೊಬ್ಬರು ಕುರ್ಚಿಯಿಂದ ಏಳುವುದನ್ನು ಗಮನವಿಟ್ಟು ನೋಡಿದರೆ ಅರ್ಧ ಕಾರ್ಯಕ್ರಮ ಅಲ್ಲೇ ಸಿಗುತ್ತದೆ. ಅಂಗೈಯನ್ನು ತೊಡೆಯ ಮೇಲೆ ಊರುತ್ತಾರೆಯೇ, ಮೊಣಕಾಲುಗಳು ಒಳಗೆ ಬೀಳುತ್ತವೆಯೇ, ಹಿಮ್ಮಡಿ ನೆಲ ಬಿಡುತ್ತದೆಯೇ, ಕೂರುವಾಗ ಕೊನೆಯ ಅರ್ಧ ಅಡಿಯಲ್ಲಿ ಧೊಪ್ಪನೆ ಬೀಳುತ್ತಾರೆಯೇ? ಧೊಪ್ಪನೆ ಬೀಳುವವರಿಗೆ ಆಸನದ ಮೇಲೆ ದಪ್ಪನೆಯ ಮ್ಯಾಟ್ ಮಡಿಸಿಟ್ಟು ಎತ್ತರಿಸಿ, ನಿಧಾನವಾಗಿ ಕೂತು ಏಳಿಸಿ. ಅವರ ಮೊದಲ ಸ್ಕ್ವಾಟ್ ಅದೇ. ವಾರಗಳು ಕಳೆದಂತೆ ಮ್ಯಾಟ್ ತೆಗೆದು ಆಸನವನ್ನು ತಗ್ಗಿಸುವುದೂ ಭಾರ ಏರಿಸಿದಷ್ಟೇ ಗಟ್ಟಿಯಾದ ಪ್ರಗತಿ. ಕುಕ್ಕರಗಾಲಿನಲ್ಲಿ ಕೂತು ಕೆಲಸ ಮಾಡಿದ ಹಳ್ಳಿಯ ಹಿರಿಯರು ಎಷ್ಟೋ ಸಲ ಇಪ್ಪತ್ತೈದರ ಹುಡುಗರಿಗಿಂತ ಆಳವಾಗಿ, ನೆಟ್ಟಗೆ ಸ್ಕ್ವಾಟ್ ಮಾಡುತ್ತಾರೆ. ಆದ್ದರಿಂದ ವಯಸ್ಸು ನೋಡಿ ಮೊದಲೇ ತೀರ್ಮಾನಕ್ಕೆ ಬರಬೇಡಿ.

ಎಷ್ಟು ತೂಕದಿಂದ ಆರಂಭಿಸಬೇಕೆಂದು ಹೇಗೆ ತಿಳಿಯುವುದು?

ಸೆಟ್ ಮುಗಿದ ಕೂಡಲೇ ‘ಇನ್ನೂ ಎಷ್ಟು ಸಲ ಆಗುತ್ತಿತ್ತು?’ ಎಂದು ಕೇಳುವುದೇ ಎಲ್ಲಕ್ಕಿಂತ ಸುಲಭವಾದ ಅಳತೆ. ಹೊಸಬರಿಗೆ ಮೊದಲ ಕೆಲವು ವಾರ ಮೂರು-ನಾಲ್ಕು ರೆಪ್ಸ್ (ಎತ್ತಿ ಇಳಿಸುವ ಸಲಗಳು) ಕೈಯಲ್ಲಿ ಉಳಿಯುವಷ್ಟು ತೂಕ ಸಾಕು. ಅವರ ಅಂದಾಜು ಮೊದಲಲ್ಲಿ ತಪ್ಪುವುದು ಸಹಜ, ಹೆಚ್ಚಿನವರು ತಮ್ಮ ಸಾಮರ್ಥ್ಯವನ್ನು ಕಡಿಮೆ ಹೇಳುತ್ತಾರೆ. ಆದ್ದರಿಂದ ಉತ್ತರವನ್ನು ಕೇಳಿಸಿಕೊಳ್ಳುವುದರ ಜೊತೆಗೆ ಕಣ್ಣಿಗೆ ಕಾಣುವ ವೇಗವನ್ನೂ ನೋಡಿ. ಎತ್ತುವ ವೇಗ ತಾನಾಗಿ ಕುಗ್ಗತೊಡಗಿದರೆ ಮಿತಿ ಹತ್ತಿರ ಬಂದಿದೆ ಎಂದರ್ಥ.

ಒಂದೇ ಸಲ ಎತ್ತಬಲ್ಲ ಗರಿಷ್ಠ ತೂಕವನ್ನು ಹೊಸಬರಲ್ಲಿ ಪರೀಕ್ಷಿಸಬೇಕಾದ ಅಗತ್ಯವೇ ಇಲ್ಲ. ಬೇಕಾದರೆ ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಕೋಚ್ ಬಾಯ್ಡ್ ಎಪ್ಲಿ ಅವರ ಹೆಸರಿನ ಸೂತ್ರದಿಂದ ಅಂದಾಜಿಸಬಹುದು: ರೆಪ್ಸ್ ಸಂಖ್ಯೆಯನ್ನು 30ರಿಂದ ಭಾಗಿಸಿ, ಅದಕ್ಕೆ 1 ಕೂಡಿಸಿ, ಎತ್ತಿದ ತೂಕದಿಂದ ಗುಣಿಸಿದರೆ ಸಾಕು. 40 ಕಿಲೋವನ್ನು ಹೆಚ್ಚೆಂದರೆ ಆರು ಸಲ ಎತ್ತಬಲ್ಲವರ ಗರಿಷ್ಠ ಸುಮಾರು 48 ಕಿಲೋ. ಹತ್ತಕ್ಕಿಂತ ಹೆಚ್ಚು ರೆಪ್ಸ್ ಆದಾಗ ಈ ಲೆಕ್ಕ ಸಡಿಲವಾಗುತ್ತದೆ. ಒಂದು ಮಾತು: ಖಾಲಿ ಒಲಿಂಪಿಕ್ ಬಾರ್ ಕೂಡ 20 ಕಿಲೋ ತೂಗುತ್ತದೆ. ‘ಬರೀ ರಾಡ್ ತಾನೇ’ ಎಂದು ಅದನ್ನು ಹೊಸಬರ ಎದೆಯ ಮೇಲೆ ಇಳಿಸಬೇಡಿ.

ತೂಕ ಹೆಚ್ಚಿಸುವುದು ಯಾವಾಗ, ಎಷ್ಟು?

ರೆಪ್ಸ್‌ಗೆ ಒಂದು ಕೆಳಮಿತಿ, ಒಂದು ಮೇಲ್ಮಿತಿ ಇಟ್ಟುಕೊಳ್ಳಿ. ಉದಾಹರಣೆಗೆ ಎಂಟರಿಂದ ಹನ್ನೆರಡು. ಎಂಟು ಸಲ ಚೆನ್ನಾಗಿ ಆಗುವ ತೂಕದಿಂದ ಹೊರಟು, ಎಲ್ಲ ಸೆಟ್‌ಗಳಲ್ಲಿಯೂ ಹನ್ನೆರಡು ಮುಟ್ಟಿದ ಮೇಲೆ ತೂಕ ಏರಿಸಿ, ಮತ್ತೆ ಎಂಟಕ್ಕೆ ಬನ್ನಿ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2009ರಲ್ಲಿ ಹೊರಡಿಸಿದ ನಿಲುವಿನ ಪ್ರಕಾರ, ಗುರಿಯಿಟ್ಟ ಸಂಖ್ಯೆಗಿಂತ ಒಂದೆರಡು ರೆಪ್ಸ್ ಹೆಚ್ಚು ಸಾಧ್ಯವಾದಾಗ ತೂಕವನ್ನು ಶೇಕಡಾ 2ರಿಂದ 10ರಷ್ಟು ಏರಿಸಬಹುದು. ಕಾಲಿನ ವ್ಯಾಯಾಮಗಳಿಗೆ ಮೇಲಿನ ಅಂಕಿ, ತೋಳು-ಭುಜಗಳಿಗೆ ಕೆಳಗಿನದು ಹೊಂದುತ್ತದೆ.

ಕಾಗದದ ಮೇಲೆ ಸುಲಭವಾದ ಈ ನಿಯಮ ಡಂಬೆಲ್ ರ‍್ಯಾಕ್‌ನ ಮುಂದೆ ತೊಡಕಾಗುತ್ತದೆ. ನಮ್ಮ ಬಹುಪಾಲು ಬಡಾವಣೆಯ ಜಿಮ್‌ಗಳಲ್ಲಿ 5 ಕಿಲೋ ಆದ ಮೇಲೆ ಸಿಗುವುದು 7.5 ಕಿಲೋ. ಅಂದರೆ ಒಂದೇ ಏಟಿಗೆ ಶೇಕಡಾ 50ರಷ್ಟು ಏರಿಕೆ! ಭುಜದ ಪ್ರೆಸ್ (ತೂಕವನ್ನು ತಲೆಯ ಮೇಲಕ್ಕೆ ಒತ್ತುವುದು) ಮಾಡುತ್ತಿರುವ ಹುಡುಗಿಗೆ ಇದು ಅಸಾಧ್ಯವಾದಾಗ ‘ನನ್ನಿಂದ ಆಗಲ್ಲ’ ಎಂದು ಅವಳು ಅಂದುಕೊಳ್ಳುತ್ತಾಳೆ, ತಪ್ಪು ರ‍್ಯಾಕ್‌ನದು. ಅಂಥಲ್ಲಿ ಮೇಲ್ಮಿತಿಯನ್ನು ಹದಿನೈದಕ್ಕೆ ಏರಿಸಿ, ಇಳಿಸುವಾಗ ಮೂರು ಎಣಿಸುವಷ್ಟು ನಿಧಾನ ಮಾಡಿಸಿ, ಒಂದು ಸೆಟ್ ಹೆಚ್ಚಿಸಿ, ಇಲ್ಲವೇ ಮೊದಲ ಸೆಟ್ ಮಾತ್ರ 7.5ರಲ್ಲಿ ಮಾಡಿಸಿ ಉಳಿದವನ್ನು 5ರಲ್ಲಿ ಮುಗಿಸಿ. ಜಿಮ್ ಮಾಲೀಕರನ್ನು ಒಪ್ಪಿಸಿ ಅರ್ಧ ಮತ್ತು ಒಂದು ಕಿಲೋದ ಚಿಕ್ಕ ಪ್ಲೇಟ್‌ಗಳನ್ನು ತರಿಸುವುದು ಹೊಸ ಯಂತ್ರ ತರಿಸುವುದಕ್ಕಿಂತ ಹೆಚ್ಚು ಉಪಕಾರದ ಕೆಲಸ.

ಇದೆಲ್ಲಕ್ಕೂ ನೋಟ್‌ಬುಕ್ ಬೇಕು. ದಿನಾಂಕ, ವ್ಯಾಯಾಮ, ತೂಕ, ಪ್ರತಿ ಸೆಟ್‌ನ ರೆಪ್ಸ್, ಉಳಿದಿದ್ದ ರೆಪ್ಸ್, ಪಕ್ಕದಲ್ಲಿ ನಾಲ್ಕು ಪದ. ‘ರೋ (ಎಳೆಯುವ ವ್ಯಾಯಾಮ), 20 ಕಿಲೋ, 10-10-8, ಉಳಿದದ್ದು 2, ರಾತ್ರಿ ನಿದ್ದೆ ಇಲ್ಲ’ ಎಂಬ ಒಂದು ಸಾಲು, ಮುಂದಿನ ಸೆಷನ್‌ನಲ್ಲಿ ನೀವು ಕೊಡಬಹುದಾದ ಯಾವ ಭಾಷಣಕ್ಕಿಂತಲೂ ಮೇಲು. ಬರೆದಿಡದ ಟ್ರೈನರ್ ಪ್ರತಿ ದಿನವೂ ಮೊದಲ ದಿನದಂತೆ ಊಹಿಸುತ್ತಾ, ಕ್ಲೈಂಟ್‌ಗೆ ಬೆವರು ಬಂದರೆ ಸಾಕು ಎಂಬಲ್ಲಿಗೆ ಬಂದು ನಿಲ್ಲುತ್ತಾರೆ.

ವಾರಕ್ಕೆ ಎಷ್ಟು ದಿನ, ಎಷ್ಟು ಸೆಟ್, ಎಷ್ಟು ರೆಪ್ಸ್?

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ ಕನಿಷ್ಠ ಎರಡು ದಿನ, ಎಲ್ಲ ಪ್ರಮುಖ ಸ್ನಾಯುಗಳಿಗೂ ಬಲವರ್ಧನೆಯ ವ್ಯಾಯಾಮವನ್ನು ಹೇಳುತ್ತದೆ. ಸಂಸಾರ, ಕೆಲಸ, ಟ್ರಾಫಿಕ್ ಎಲ್ಲ ಇರುವ ಕ್ಲೈಂಟ್‌ಗೆ ವಾರಕ್ಕೆ ಎರಡು ಅಥವಾ ಮೂರು ದಿನ ಇಡೀ ದೇಹದ ಅಭ್ಯಾಸ ಕೊಡುವುದೇ ಸರಿ. ಸೋಮವಾರ ಎದೆ, ಮಂಗಳವಾರ ಬೆನ್ನು ಎಂದು ಆರು ದಿನ ಹಂಚಿದ ಪಟ್ಟಿ, ಬುಧವಾರ ಬಾರದಿದ್ದರೆ ಮುರಿದುಬೀಳುತ್ತದೆ.

ಬಲವೇ ಮುಖ್ಯವಾದರೆ ಭಾರ ಹೆಚ್ಚಿಸಿ ಒಂದರಿಂದ ಆರರವರೆಗಿನ ರೆಪ್ಸ್, ಸ್ನಾಯು ಬೆಳೆಯಬೇಕಾದರೆ ಮಿತಿಯ ಹತ್ತಿರಕ್ಕೆ ಹೋಗುವ ಯಾವುದೇ ಸಂಖ್ಯೆ. ಹಗುರ ತೂಕದಲ್ಲಿ ಮೂವತ್ತು ರೆಪ್ಸ್‌ವರೆಗೆ ಹೋದರೂ, ಸೆಟ್ ಕೊನೆಯಲ್ಲಿ ನಿಜವಾಗಿ ಕಷ್ಟವಾದರೆ ಸ್ನಾಯು ಬೆಳೆಯುತ್ತದೆ ಎಂಬುದು ಹಲವು ಅಧ್ಯಯನಗಳಿಂದ ಖಚಿತವಾಗಿದೆ. ಒಂದೊಂದು ಸ್ನಾಯುಗುಂಪಿಗೆ ವಾರಕ್ಕೆ ಹತ್ತು ಸೆಟ್‌ಗಳ ಆಸುಪಾಸು ಒಳ್ಳೆಯ ಗುರಿ, ಹೊಸಬರಿಗೆ ಅದರ ಅರ್ಧವೂ ಫಲ ಕೊಡುತ್ತದೆ. ಭಾರವಾದ ಸೆಟ್‌ಗಳ ನಡುವೆ ಎರಡು-ಮೂರು ನಿಮಿಷ ವಿಶ್ರಾಂತಿ ಕೊಡಿ. ಕ್ಲೈಂಟ್ ಸುಮ್ಮನೆ ಕೂತರೆ ಹಣ ವ್ಯರ್ಥ ಎಂದುಕೊಂಡು ಆ ಹೊತ್ತಿನಲ್ಲಿ ಜಂಪಿಂಗ್ ಜಾಕ್ ತುಂಬಿಸಬೇಡಿ.

ಆರು ವಾರದಲ್ಲಿ ಎತ್ತುವ ತೂಕ ಏರಿದೆ, ತೋಳಿನ ಅಳತೆ ಬದಲಾಗಿಲ್ಲ. ಏಕೆ?

ಆರಂಭದ ವಾರಗಳಲ್ಲಿ ಏರುವ ಬಲದ ಬಹುಭಾಗ ನರಮಂಡಲದಿಂದ ಬರುತ್ತದೆ. ಇರುವ ಸ್ನಾಯುವನ್ನೇ ಇನ್ನಷ್ಟು ಚೆನ್ನಾಗಿ ಬಳಸಲು ದೇಹ ಕಲಿಯುತ್ತದೆ. ಸಂಶೋಧಕರಾದ ಮೊರಿತಾನಿ ಮತ್ತು ಡಿವ್ರೀಸ್ 1979ರಲ್ಲಿಯೇ ಇದನ್ನು ತೋರಿಸಿದರು. ಈ ಸಂಗತಿಯನ್ನು ಕ್ಲೈಂಟ್‌ಗೆ ಮೊದಲ ವಾರದಲ್ಲೇ ತಿಳಿಸಿದರೆ ಕನ್ನಡಿಯ ಮುಂದೆ ಅವರಿಗೆ ನಿರಾಸೆಯಾಗುವುದಿಲ್ಲ.

ಮಾರನೆಯ ದಿನ ಮೈಕೈ ನೋವು ಬಂದರೆ ಅಭ್ಯಾಸ ಚೆನ್ನಾಗಿ ಆಗಿದೆ ಎಂದರ್ಥವೇ?

ಅಲ್ಲ. ರೂಢಿಯಿಲ್ಲದ ಕೆಲಸ ಆಗಿದೆ ಎಂದಷ್ಟೇ ಅರ್ಥ. ಇಂಥ ನೋವು ಒಂದರಿಂದ ಮೂರು ದಿನಗಳ ನಡುವೆ ಹೆಚ್ಚಾಗಿ, ತಾನಾಗಿ ಇಳಿಯುತ್ತದೆ. ಸ್ನಾಯುವಿನ ತುಂಬ ಹರಡಿರುತ್ತದೆ, ಓಡಾಡಿದರೆ ಹಗುರವಾಗುತ್ತದೆ. ಕೀಲಿನಲ್ಲಿ ಒಂದೇ ಬಿಂದುವಿನಲ್ಲಿ ಚುಚ್ಚುವ ನೋವು, ಊತ, ಕಾಲಿಗೆ ಇಳಿಯುವ ಜೋಮು, ರಾತ್ರಿ ನಿದ್ದೆ ಕೆಡಿಸುವ ನೋವು ಬೇರೆಯ ಜಾತಿಯವು. ಅವುಗಳಿಗೆ ನಿಮ್ಮ ಬಳಿ ಮದ್ದಿಲ್ಲ, ವೈದ್ಯರ ಅಥವಾ ಫಿಸಿಯೋಥೆರಪಿಸ್ಟ್ ಬಳಿ ಕಳಿಸಿ.

ಎಲ್ಲಕ್ಕಿಂತ ಗಂಭೀರವಾದ ಅಪಾಯವೊಂದನ್ನು ಪ್ರತಿಯೊಬ್ಬ ಟ್ರೈನರ್ ಕಂಠಪಾಠ ಮಾಡಬೇಕು. ಅಭ್ಯಾಸವಿಲ್ಲದವರಿಂದ, ಅಥವಾ ತಿಂಗಳುಗಟ್ಟಲೆ ಬಿಟ್ಟು ಬಂದವರಿಂದ, ಮೊದಲ ದಿನವೇ ನೂರಾರು ಬಸ್ಕಿ ಹೊಡೆಸಿದರೆ ಸ್ನಾಯುವಿನ ಕೋಶಗಳು ಒಡೆದು ಅವುಗಳ ಒಳಗಿನ ಪದಾರ್ಥ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ಇದನ್ನು ರ‍್ಯಾಬ್ಡೋಮಯೋಲಿಸಿಸ್ ಎನ್ನುತ್ತಾರೆ. ವಿಪರೀತ ನೋವು ಮತ್ತು ಊತ, ಕೈಕಾಲು ಮಡಿಸಲಾಗದ ಸ್ಥಿತಿ, ಕಾಫಿ ಡಿಕಾಕ್ಷನ್ ಬಣ್ಣದ ಮೂತ್ರ, ಇವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ‘ಎಳನೀರು ಕುಡಿದು ಮಲಗಿ, ಸರಿಹೋಗುತ್ತದೆ’ ಎಂದು ಹೇಳುವ ಹೊತ್ತಲ್ಲ. ಮೊದಲ ದಿನವೇ ಕ್ಲೈಂಟ್‌ನನ್ನು ಮೆಟ್ಟಿಲು ಇಳಿಯಲಾಗದಂತೆ ಮಾಡುವುದನ್ನು ಹೆಮ್ಮೆಯೆಂದು ತಿಳಿಯುವ ಪದ್ಧತಿ ನಮ್ಮ ವೃತ್ತಿಯಿಂದ ತೊಲಗಲೇಬೇಕು.

ಚಲನೆಯನ್ನು ತಿದ್ದುವಾಗ ಹೇಗೆ ಮಾತಾಡಬೇಕು?

ಒಂದು ಸೆಟ್‌ಗೆ ಒಂದೇ ಸೂಚನೆ. ‘ಎದೆ ಎತ್ತಿ, ಮೊಣಕಾಲು ಹೊರಗೆ, ಹೊಟ್ಟೆ ಬಿಗಿ, ಉಸಿರು ಬಿಡಿ’ ಎಂದು ಒಟ್ಟಿಗೆ ಕೂಗಿದರೆ ಯಾವುದೂ ತಲೆಗೆ ಹೋಗುವುದಿಲ್ಲ. ಚಲನೆಯ ಕಲಿಕೆಯನ್ನು ಅಧ್ಯಯನ ಮಾಡಿದ ಗೇಬ್ರಿಯೆಲ್ ವುಲ್ಫ್ ಮತ್ತು ಇತರ ಸಂಶೋಧಕರು ಕಂಡುಕೊಂಡಂತೆ, ದೇಹದ ಭಾಗದ ಕಡೆ ಗಮನ ಸೆಳೆಯುವ ಸೂಚನೆಗಿಂತ ಹೊರಗಿನ ಪರಿಣಾಮದ ಕಡೆ ಸೆಳೆಯುವ ಸೂಚನೆ ಸಾಮಾನ್ಯವಾಗಿ ಹೆಚ್ಚು ಫಲಕಾರಿ. ‘ತೊಡೆಯ ಸ್ನಾಯು ಬಿಗಿಮಾಡಿ’ ಎನ್ನುವುದಕ್ಕಿಂತ ‘ನೆಲವನ್ನು ಒತ್ತಿ ಏಳಿ’, ‘ಸೊಂಟ ಹಿಂದಕ್ಕೆ’ ಎನ್ನುವುದಕ್ಕಿಂತ ‘ಹಿಂದಿನ ಗೋಡೆಗೆ ತಾಗಿಸಿ’ ಎಂಬುದು ಬೇಗ ಅರ್ಥವಾಗುತ್ತದೆ. ಡೆಡ್‌ಲಿಫ್ಟ್ (ಸೊಂಟದಿಂದ ಬಾಗಿ ನೆಲದ ಭಾರ ಎತ್ತುವುದು) ಕಲಿಸುವಾಗ ಗೋಡೆಯಿಂದ ಒಂದು ಗೇಣು ದೂರ ನಿಲ್ಲಿಸಿ ಬಾಗಿಸಿದರೆ ವಿವರಣೆಯೇ ಬೇಕಾಗುವುದಿಲ್ಲ.

ಮುಟ್ಟಿ ತಿದ್ದುವ ಮುನ್ನ ಪ್ರತಿ ಸಲವೂ ಅನುಮತಿ ಕೇಳಿ: ‘ಮೇಡಂ, ಭುಜದ ಹತ್ತಿರ ಕೈ ಇಟ್ಟು ತೋರಿಸಲಾ?’ ಬೇಡವೆಂದರೆ ನೀವೇ ಮಾಡಿ ತೋರಿಸಿ, ಅಥವಾ ಕೋಲೊಂದನ್ನು ಬೆನ್ನಿಗೆ ತಾಗಿಸಿ ಹಿಡಿಯಲು ಹೇಳಿ. ಕ್ಲೈಂಟ್‌ನ ಮೈಕಟ್ಟಿನ ಬಗ್ಗೆ ತಮಾಷೆಗೂ ಮಾತು ಬೇಡ. ನಿಮಗಿಂತ ಹಿರಿಯರನ್ನು ಬಹುವಚನದಲ್ಲಿಯೇ ಮಾತಾಡಿಸಿ. ಕೌಂಟ್ ಕೂಗುವ ಹುರುಪಿನಲ್ಲಿ ‘ಎತ್ತು, ಎತ್ತು’ ಎಂದು ಏಕವಚನಕ್ಕೆ ಇಳಿದರೆ ಬಾಯಿಬಿಟ್ಟು ಹೇಳದಿದ್ದರೂ ಅವರಿಗೆ ನೋವಾಗುತ್ತದೆ.

ಉಸಿರಾಟ ಹೇಗಿರಬೇಕು?

ಎತ್ತುವಾಗ ಬಿಡುವುದು, ಇಳಿಸುವಾಗ ತೆಗೆದುಕೊಳ್ಳುವುದು ಬಹುತೇಕರಿಗೆ ಸಾಕು. ಉಸಿರು ಕಟ್ಟಿ ಎತ್ತಿದಾಗ ನಡು ಗಟ್ಟಿಯಾಗುತ್ತದೆ, ಆದರೆ ರಕ್ತದೊತ್ತಡವೂ ಜಿಗಿಯುತ್ತದೆ. 1985ರಲ್ಲಿ ಮೆಕ್‌ಡೂಗಲ್ ಮತ್ತು ಸಂಗಡಿಗರು ಅನುಭವಿ ದೇಹದಾರ್ಢ್ಯ ಪಟುಗಳ ರಕ್ತನಾಳದೊಳಗಿನ ಒತ್ತಡವನ್ನೇ ಅಳೆದಾಗ, ಎರಡೂ ಕಾಲಿನ ಭಾರವಾದ ಲೆಗ್ ಪ್ರೆಸ್‌ನಲ್ಲಿ ಸರಾಸರಿ 320/250 ಕಂಡುಬಂದಿತ್ತು. ಆರೋಗ್ಯವಂತರಲ್ಲಿ ಅದು ಕ್ಷಣಕಾಲದ ಏರಿಕೆ. ಬಿಪಿ ಇರುವವರಲ್ಲಿ, ಹರ್ನಿಯಾ ಅಥವಾ ಕಣ್ಣಿನ ರೆಟಿನಾ ತೊಂದರೆ ಇರುವವರಲ್ಲಿ ಅಂಥ ಸ್ಥಿತಿಯೇ ಬಾರದಂತೆ ತೂಕವನ್ನು ಹದದಲ್ಲಿಟ್ಟು, ಪ್ರತಿ ರೆಪ್‌ನಲ್ಲಿಯೂ ಉಸಿರು ಬಿಡಿಸಿ.

‘ಜಿಮ್‌ಗೆ ಹೋದರೆ ಹಾರ್ಟ್ ಅಟ್ಯಾಕ್ ಆಗುತ್ತದೆಯೇ?’ ಎಂದು ಕೇಳಿದರೆ ಏನು ಹೇಳಲಿ?

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಅಗಲಿದ ಮೇಲೆ ಕರ್ನಾಟಕದ ಪ್ರತಿಯೊಬ್ಬ ಟ್ರೈನರ್ ಈ ಪ್ರಶ್ನೆಯನ್ನು ಎದುರಿಸಿದ್ದಾರೆ. ಬೆಂಗಳೂರು, ಮೈಸೂರಿನ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿದ್ದೂ ನೆನಪಿದೆ. ಆ ಭಯವನ್ನು ಹಗುರವಾಗಿ ತಳ್ಳಿಹಾಕಬೇಡಿ. ಒಬ್ಬರ ಸಾವಿಗೆ ಹೊರಗಿನಿಂದ ಕಾರಣ ಹಚ್ಚುವುದೂ ಬೇಡ.

ಹೇಳಬಹುದಾದ ಸತ್ಯ ಹೀಗಿದೆ. ನಿಯಮಿತ ವ್ಯಾಯಾಮ ಹೃದ್ರೋಗದ ಸಾಧ್ಯತೆಯನ್ನು ಕಡಿಮೆ ಮಾಡುತ್ತದೆ. ಆದರೆ ಒಳಗೆ ಹೃದ್ರೋಗ ಇದ್ದವರಲ್ಲಿ, ಅದರಲ್ಲೂ ಅಭ್ಯಾಸವಿಲ್ಲದವರು ದಿಢೀರನೆ ತೀವ್ರ ಶ್ರಮಕ್ಕಿಳಿದಾಗ, ಆ ಹೊತ್ತಿನ ಅಪಾಯ ತಾತ್ಕಾಲಿಕವಾಗಿ ಏರುತ್ತದೆ. ದಕ್ಷಿಣ ಏಷ್ಯಾದ ಜನರಲ್ಲಿ ಹೃದ್ರೋಗ ಬೇರೆಯವರಿಗಿಂತ ಕಡಿಮೆ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಧೂಮಪಾನಿಗಳು, ಬಿಪಿ-ಶುಗರ್ ಇರುವವರು, ಕುಟುಂಬದಲ್ಲಿ ಹೃದ್ರೋಗದ ಇತಿಹಾಸ ಇರುವವರು ಮೊದಲು ವೈದ್ಯರನ್ನು ಕಾಣಬೇಕು. ಅಭ್ಯಾಸದ ನಡುವೆ ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಕಾರಣವಿಲ್ಲದ ಸುಸ್ತು ಕಂಡರೆ ನಿಲ್ಲಿಸಿ, ಕೂರಿಸಿ, 108ಕ್ಕೆ ಕರೆ ಮಾಡಿ. ‘ಗ್ಯಾಸ್ಟ್ರಿಕ್ ಇರಬೇಕು’ ಎಂಬ ಊಹೆಗೆ ಅಲ್ಲಿ ಜಾಗವಿಲ್ಲ. ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸುವ ವಿಧಾನ) ಕಲಿಯದೆ ಒಬ್ಬ ಕ್ಲೈಂಟ್‌ನನ್ನೂ ತೆಗೆದುಕೊಳ್ಳಬೇಡಿ, ನಿಮ್ಮ ಜಿಮ್‌ನಲ್ಲಿ ಎಇಡಿ (ಕೆಟ್ಟ ಹೃದಯಬಡಿತವನ್ನು ವಿದ್ಯುತ್ ಆಘಾತದಿಂದ ಸರಿಪಡಿಸುವ) ಯಂತ್ರ ಇಡುವಂತೆ ಒತ್ತಾಯಿಸಿ. ಬೀಟಾ ಬ್ಲಾಕರ್ (ಬಿಪಿ, ಹೃದ್ರೋಗಕ್ಕೆ ಕೊಡುವ) ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿಬಡಿತ ಏರುವುದೇ ಕಡಿಮೆ, ಆದ್ದರಿಂದ ಕೈಗಡಿಯಾರದ ಅಂಕಿಯನ್ನು ನಂಬದೆ, ಮಾತಾಡಲು ಆಗುತ್ತಿದೆಯೇ ಎಂದು ನೋಡಿ ಶ್ರಮವನ್ನು ಅಳೆಯಿರಿ.

ಶುಗರ್ ಇರುವವರಿಗೆ ಭಾರ ಎತ್ತಿಸಬಹುದೇ?

ಎತ್ತಿಸಲೇಬೇಕು. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನೆರವಿನ ಸಮೀಕ್ಷೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ ಎಂದು ಅಂದಾಜಿಸಿತು. ನಿಮ್ಮ ಕ್ಲೈಂಟ್‌ಗಳಲ್ಲಿ ಅವರು ಇದ್ದೇ ಇರುತ್ತಾರೆ. ಕೆಲಸ ಮಾಡುವ ಸ್ನಾಯು ಇನ್ಸುಲಿನ್‌ನ ನೆರವಿಲ್ಲದೆಯೂ ರಕ್ತದಿಂದ ಸಕ್ಕರೆ ಹೀರಿಕೊಳ್ಳುತ್ತದೆ. ಅದೇ ಕಾರಣಕ್ಕೆ ಇನ್ಸುಲಿನ್ ಅಥವಾ ಸಲ್ಫೊನಿಲ್‌ಯೂರಿಯಾ (ದೇಹದಲ್ಲಿ ಇನ್ಸುಲಿನ್ ಹೆಚ್ಚಿಸುವ) ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಕ್ಕರೆ ತೀರ ಇಳಿಯುವ ಅಪಾಯವೂ ಇದೆ. ಅಭ್ಯಾಸಕ್ಕೆ ಮುಂಚೆ ಗ್ಲೂಕೋಮೀಟರ್‌ನಲ್ಲಿ 90ಕ್ಕಿಂತ ಕಡಿಮೆ ತೋರಿಸಿದರೆ ಮೊದಲು ಏನಾದರೂ ತಿನ್ನಿಸಿ. ನಡುಕ, ಬೆವರು, ಮಾತಿನ ತೊದಲು ಕಂಡರೆ ತಕ್ಷಣ ಸಕ್ಕರೆ ನೀರು ಕೊಡಿ. ಪಾದದಲ್ಲಿ ಸ್ಪರ್ಶ ಕಡಿಮೆಯಾದವರು ಬರಿಗಾಲಲ್ಲಿ ಅಭ್ಯಾಸ ಮಾಡದಂತೆ ನೋಡಿಕೊಳ್ಳಿ.

ಎಪ್ಪತ್ತು ದಾಟಿದವರಿಗೆ ಇದೆಲ್ಲ ಬೇಕೇ?

ಎಲ್ಲರಿಗಿಂತ ಹೆಚ್ಚು ಬೇಕಾದುದು ಅವರಿಗೇ. ಮಾರಿಯಾ ಫಿಯಾಟರೋನ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಸ್ಟನ್‌ನ ವೃದ್ಧಾಶ್ರಮದಲ್ಲಿದ್ದ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಭಾರದ ವ್ಯಾಯಾಮ ಮಾಡಿಸಿದಾಗ, ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಏರಿತ್ತು. ನೆಲದಿಂದ ತಾನೇ ಏಳುವುದು, ಬಸ್ ಹತ್ತುವುದು, ಎರಡು ಕೊಡ ನೀರು ಹೊರುವುದು ಇವರ ಗುರಿಗಳು. ಹಿಡಿಕೆಯಿರುವ ಮೆಟ್ಟಿಲು ಹತ್ತಿಸಿ, ಒಂಟಿ ಕಾಲಿನ ಸಮತೋಲನ ಸೇರಿಸಿ, ವಿಶ್ರಾಂತಿಯನ್ನು ಉದಾರವಾಗಿ ಕೊಡಿ, ಆದರೆ ಅರ್ಧ ಕಿಲೋದ ಗುಲಾಬಿ ಡಂಬೆಲ್‌ನಲ್ಲಿಯೇ ವರ್ಷ ಕಳೆಯಬೇಡಿ.

ಹೆಂಗಸರು ಭಾರ ಎತ್ತಿದರೆ ಗಂಡಸರಂತೆ ಕಾಣುತ್ತಾರೆಯೇ? ಹೊಟ್ಟೆ ಮಾತ್ರ ಕರಗಿಸಬಹುದೇ?

ಎರಡಕ್ಕೂ ಇಲ್ಲವೆಂಬುದೇ ಉತ್ತರ. ಹೆಂಗಸರಲ್ಲಿ ಟೆಸ್ಟೋಸ್ಟಿರೋನ್ ಗಂಡಸರಿಗಿಂತ ಬಹಳ ಕಡಿಮೆ, ಅಂಥ ಗಾತ್ರ ತಿಳಿಯದೆ ಬರುವಂಥದ್ದಲ್ಲ. ಮುಟ್ಟು ನಿಂತ ಮೇಲೆ ಮೂಳೆ ಸವೆಯುವ ವೇಗ ಹೆಚ್ಚುವುದರಿಂದ ನಲವತ್ತು ದಾಟಿದವರಿಗೆ ಭಾರದ ಅಭ್ಯಾಸ ಅತ್ಯಗತ್ಯ. ಹೊಟ್ಟೆಯ ವ್ಯಾಯಾಮ ಹೊಟ್ಟೆಯ ಸ್ನಾಯುವನ್ನು ಬಲಪಡಿಸುತ್ತದೆ, ಮೇಲಿನ ಕೊಬ್ಬನ್ನು ಆರಿಸಿ ಕರಗಿಸುವುದಿಲ್ಲ.

ಹದಿಹರೆಯದವರ ಎತ್ತರ ಕುಂಠಿತವಾಗುತ್ತದೆಯೇ?

ಇಲ್ಲ. ತಿಳಿದವರ ಕಣ್ಗಾವಲಿನಲ್ಲಿ, ಸರಿಯಾದ ಚಲನೆ ಕಲಿತು ಮಾಡುವ ಅಭ್ಯಾಸದಿಂದ ಎತ್ತರಕ್ಕೆ ಧಕ್ಕೆಯಿಲ್ಲ. ಗೆಳೆಯರೊಡನೆ ಪಂತ ಕಟ್ಟಿ ಗರಿಷ್ಠ ತೂಕ ಎತ್ತುವುದನ್ನು ಮಾತ್ರ ತಡೆಯಿರಿ.

ವೇಟ್‌ಲಿಫ್ಟಿಂಗ್ ಸ್ಪರ್ಧೆಯ ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್‌ಗಳನ್ನು ಎಲ್ಲರಿಗೂ ಕಲಿಸಬೇಕೇ?

ಕುಂದಾಪುರ ಸೀಮೆಯ ಗುರುರಾಜ ಪೂಜಾರಿ ಅವರು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೋ ವಿಭಾಗದಲ್ಲಿ ಒಟ್ಟು 269 ಕಿಲೋ ಎತ್ತಿ ಕಂಚು ಗೆದ್ದಾಗ, ಅನೇಕ ಯುವಕರು ಇದನ್ನು ಕೇಳಿಕೊಂಡು ಬಂದರು. ಅವು ವರ್ಷಗಟ್ಟಲೆ ಕಲಿಯಬೇಕಾದ ಕ್ರೀಡೆ. ಆಸಕ್ತಿಯಿದ್ದವರನ್ನು ವೇಟ್‌ಲಿಫ್ಟಿಂಗ್ ಕೋಚ್ ಬಳಿ ಕಳಿಸಿ. ಉಳಿದವರಿಗೆ ಸ್ಕ್ವಾಟ್, ಡೆಡ್‌ಲಿಫ್ಟ್, ಪ್ರೆಸ್, ರೋಗಳಲ್ಲಿಯೇ ಬೇಕಾದುದೆಲ್ಲ ಸಿಗುತ್ತದೆ.

ಪ್ರೋಟೀನ್ ಎಷ್ಟು ಬೇಕು? ಪೌಡರ್ ಕೊಡಿಸಬೇಕೇ?

ಐಸಿಎಂಆರ್ ವಯಸ್ಕರಿಗೆ ಶಿಫಾರಸು ಮಾಡಿರುವುದು ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ. ಭಾರದ ಅಭ್ಯಾಸ ಮಾಡುವವರಲ್ಲಿ ಸುಮಾರು 1.6 ಗ್ರಾಂವರೆಗೆ ಲಾಭ ಕಾಣುತ್ತದೆ. ಅಂದರೆ 60 ಕಿಲೋದವರಿಗೆ 50ರಿಂದ 96 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಪನೀರ್‌ನಲ್ಲಿ 18, ಅಷ್ಟೇ ಒಣ ಹುರುಳಿಯಲ್ಲಿ 22, ಒಣ ಸೋಯಾ ಚಂಕ್ಸ್‌ನಲ್ಲಿ 50ರ ಹತ್ತಿರ. ಊಟದ ಕ್ರಮವನ್ನು ಬಿಡಿಸಿ ಕೇಳಿ. ಬಸ್ಸಾರು-ಮುದ್ದೆ ಉಣ್ಣುವ ಮನೆಯಲ್ಲಿ ಕಟ್ಟಿನ ಸಾರನ್ನು ಮಾತ್ರ ಬಡಿಸಿಕೊಂಡು, ಬಸಿದ ಕಾಳಿನ ಪಲ್ಯವನ್ನು ಒಂದು ಚಮಚಕ್ಕೆ ಸೀಮಿತ ಮಾಡುವವರಿದ್ದಾರೆ. ಪ್ರೋಟೀನ್‌ನ ಬಹುಪಾಲು ಉಳಿದಿರುವುದು ಆ ಕಾಳಿನಲ್ಲಿಯೇ. ಪಲ್ಯವನ್ನು ಒಂದು ಬಟ್ಟಲಿಗೆ ಏರಿಸಿ, ಜೊತೆಗೆ ಮೊಸರು ಅಥವಾ ಮೊಟ್ಟೆ ಸೇರಿಸಿದರೆ ಖರ್ಚಿಲ್ಲದೆ ಕೊರತೆ ತುಂಬುತ್ತದೆ.

ಐಸಿಎಂಆರ್‌ನ 2024ರ ಆಹಾರ ಮಾರ್ಗಸೂಚಿ ಮೈ ಬೆಳೆಸಲೆಂದು ಪ್ರೋಟೀನ್ ಪೌಡರ್ ಬಳಸುವುದು ಬೇಡವೆನ್ನುತ್ತದೆ. ಊಟದಿಂದ ಸಾಧ್ಯವೇ ಆಗದವರಿಗೆ ಅದು ಅನುಕೂಲವಾದೀತು, ಆದರೆ ಮೂತ್ರಪಿಂಡದ ತೊಂದರೆ ಇರುವವರಿಗೆ ವೈದ್ಯರ ಮಾತೇ ಅಂತಿಮ. ಕಮಿಷನ್‌ಗಾಗಿ ಡಬ್ಬ ಮಾರುವ ಟ್ರೈನರ್‌ನ ಸಲಹೆಗೆ ಬೆಲೆ ಉಳಿಯುವುದಿಲ್ಲ.

ಕ್ಲೈಂಟ್ ‘ಇಂಜೆಕ್ಷನ್’ ಕೇಳಿದರೆ?

ಸ್ಪಷ್ಟವಾಗಿ ಇಲ್ಲವೆನ್ನಿ, ಕೊಡುವವರ ವಿಳಾಸವನ್ನೂ ಹೇಳಬೇಡಿ. ಮೈ ಬೆಳೆಸಲೆಂದು ಚುಚ್ಚಿಕೊಳ್ಳುವ ಅನಬಾಲಿಕ್ ಸ್ಟಿರಾಯ್ಡ್‌ಗಳು ಹೃದಯದ ಸ್ನಾಯುವನ್ನು ದಪ್ಪಗಾಗಿಸುತ್ತವೆ, ಕೊಲೆಸ್ಟ್ರಾಲ್ ಕೆಡಿಸುತ್ತವೆ, ದೇಹದ ಸ್ವಂತ ಟೆಸ್ಟೋಸ್ಟಿರೋನ್ ಉತ್ಪತ್ತಿಯನ್ನು ನಿಲ್ಲಿಸಿ ಮಕ್ಕಳಾಗುವ ಸಾಧ್ಯತೆಗೂ ಕುತ್ತು ತರುತ್ತವೆ. ಆಗಲೇ ತೆಗೆದುಕೊಳ್ಳುತ್ತಿರುವವರನ್ನು ಬೈಯದೆ ವೈದ್ಯರ ಬಳಿ ಕಳಿಸಿ. ಬೈಸಿಕೊಂಡವರು ಮುಂದೆ ನಿಮ್ಮಿಂದ ಮುಚ್ಚಿಡುತ್ತಾರೆ.

ಹಬ್ಬ, ಮದುವೆ, ಪರೀಕ್ಷೆ ಎಂದು ವಾರಗಟ್ಟಲೆ ಬಿಡುವವರಿಗೆ ಏನು ಮಾಡಬೇಕು?

ಎರಡು-ಮೂರು ವಾರ ಬಿಟ್ಟರೆ ಬಲ ಹೆಚ್ಚೇನೂ ಕುಗ್ಗುವುದಿಲ್ಲ ಎಂದು ಮೊದಲು ಧೈರ್ಯ ಹೇಳಿ. ಇರುವುದನ್ನು ಉಳಿಸಿಕೊಳ್ಳಲು ಬೇಕಾದ ಕೆಲಸ, ಗಳಿಸಲು ಬೇಕಾದುದಕ್ಕಿಂತ ಬಹಳ ಕಡಿಮೆ. ವಾರಕ್ಕೊಂದು ದಿನ, ಕೆಲವೇ ಸೆಟ್, ಆದರೆ ಅದೇ ತೂಕ. ಊರಿಗೆ ಹೋಗುವವರಿಗೆ ಬಸ್ಕಿ, ದಂಡೆ, ನೀರು ತುಂಬಿದ ಬಿಂದಿಗೆ ಹಿಡಿದು ನಡೆಯುವುದು ಸೇರಿದ ಕಾಲು ಗಂಟೆಯ ಚೀಟಿ ಬರೆದುಕೊಡಿ. ಮರಳಿ ಬಂದ ದಿನ ನೋಟ್‌ಬುಕ್‌ನ ಕೊನೆಯ ತೂಕದಿಂದ ಸ್ವಲ್ಪ ಇಳಿಸಿ, ಸೆಟ್ ಅರ್ಧಮಾಡಿ ಆರಂಭಿಸಿ.

ಎದುರಿಗಿಲ್ಲದೆ ಆನ್‌ಲೈನ್‌ನಲ್ಲಿ ತರಬೇತಿ ಕೊಡಬಹುದೇ?

ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ಕಟ್ಟಿದ, ಕನ್ನಡದ ಕಾದಂಬರಿಕಾರರೂ ಆಗಿದ್ದ ಕೆ. ವಿ. ಅಯ್ಯರ್ ಅವರು ಕಳೆದ ಶತಮಾನದ ಮೊದಲರ್ಧದಲ್ಲಿಯೇ ಅಂಚೆಯ ಮೂಲಕ ವ್ಯಾಯಾಮದ ಪಾಠ ಕಲಿಸುತ್ತಿದ್ದರು. ಈಗ ವಿಡಿಯೊ ಇದೆ. ಫೋನನ್ನು ಸೊಂಟದ ಎತ್ತರದಲ್ಲಿ, ಪಕ್ಕದಿಂದ ತೆಗೆಯುವಂತೆ ಇಡಲು ಹೇಳಿ, ಪ್ರತಿ ವ್ಯಾಯಾಮದ ಕೊನೆಯ ಸೆಟ್ ಕಳಿಸಲು ಹೇಳಿ. ದಣಿದಾಗಲೇ ಚಲನೆಯ ದೋಷ ಕಾಣುತ್ತದೆ. ಹೃದ್ರೋಗ, ಇತ್ತೀಚಿನ ಶಸ್ತ್ರಚಿಕಿತ್ಸೆ, ಗರ್ಭಾವಸ್ಥೆಯ ಕ್ಲೈಂಟ್‌ಗಳನ್ನು ಮಾತ್ರ ಎದುರಿನಲ್ಲಿ ನಿಂತೇ ನೋಡಿಕೊಳ್ಳಿ.

ಕ್ಲೈಂಟ್ ಬೇರೆ ಊರಿಗೆ ಅಥವಾ ಬೇರೆ ಟ್ರೈನರ್ ಬಳಿಗೆ ಹೋದರೆ?

ಅವರ ನೋಟ್‌ಬುಕ್ ಅವರದು. ಎಲ್ಲ ಪುಟಗಳ ಫೋಟೊ ತೆಗೆದು ಕಳಿಸಿ, ಕೊನೆಯಲ್ಲಿ ಮೂರು ವಿಷಯ ಸೇರಿಸಿ: ಈಗ ಎತ್ತುತ್ತಿರುವ ತೂಕಗಳು, ನೋವು ತರುವ ಚಲನೆಗಳು, ಯಾವ ಸೂಚನೆ ಅವರಿಗೆ ಬೇಗ ಅರ್ಥವಾಗುತ್ತದೆ. ಬಿಪಿ, ಶುಗರ್‌ನಂಥ ಆರೋಗ್ಯದ ವಿವರಗಳನ್ನು ಹೊಸ ಟ್ರೈನರ್‌ಗೆ ನೀವು ನೇರವಾಗಿ ಹೇಳಬೇಡಿ, ಕ್ಲೈಂಟ್ ಕೈಯಲ್ಲಿಯೇ ಕೊಡಿ. ಯಾರಿಗೆ ತೋರಿಸಬೇಕೆಂಬುದು ಅವರಿಗೆ ಬಿಟ್ಟದ್ದು.